ಸರಿಸದ ಚುಕ್ಕೆಗಳು

ಓಣಿಯ ಬಾಯಿಯವರೆಗೂ ಅವಳು ಓಡುತ್ತಲೇ ಬಂದಿದ್ದಳು. ಕೈಚೀಲದಲ್ಲಿ ನಾಲ್ಕು ಮಡಿಕೆಯ ನಕ್ಷೆ, ಅದರ ತುಂಬ ನಲವತ್ತೊಂದು ಕೆಂಪು ಚುಕ್ಕೆ. ಒಂದೊಂದು ಚುಕ್ಕೆಯೂ ಇದ್ದಿಲು ಉರಿಸುವ ಒಂದೊಂದು ಮನೆ.

ಎರಡು ವರ್ಷ ಇದೇ ಓಣಿಯಲ್ಲಿ ಬಾಗಿಲು ಬಾಗಿಲು ತಿರುಗಿ ಅವಳು ಸಂಶೋಧನೆ ಮಾಡಿದ್ದಳು. ಗಾಳಿ ಶುದ್ಧವಾಗಲೆಂದು ಇದ್ದಿಲನ್ನು ನಿಷೇಧಿಸಿದ ಕಾನೂನಿನ ಭಾರವೆಲ್ಲ ಕೊನೆಗೆ ಬೀಳುವುದು ಇಲ್ಲದವರ ಹೆಗಲಿಗೇ ಎಂದು ಅವಳ ಪ್ರಬಂಧ ತೋರಿಸಿಕೊಟ್ಟಿತ್ತು. ಗುರುತು ಹೊರಗೆ ಹೋಗುವುದಿಲ್ಲವೆಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದಳು. ಅಚ್ಚಿಗೆ ಕೊಡುವ ಮುಂಚೆ ಪ್ರತಿ ಚುಕ್ಕೆಯನ್ನೂ ಒಂದಿಷ್ಟು ಅತ್ತಿತ್ತ ಸರಿಸಿ, ಮನೆ ಯಾವುದೆಂದು ತಿಳಿಯದಂತೆ ಮಾಡುವುದು ಈ ಕೆಲಸದ ಕಟ್ಟುಪಾಡು. ಸರಿಸಿಯೂ ಇದ್ದಳು. ಅವಸರದಲ್ಲಿ ಅಚ್ಚಿಗೆ ಕಳಿಸಿದ್ದು ಮಾತ್ರ ಸರಿಸುವ ಮುಂಚಿನ ನಕ್ಷೆ. ಅದು ತಿಳಿದದ್ದು ಇವತ್ತು ಬೆಳಿಗ್ಗೆ, ಅಚ್ಚಾದ ಪ್ರಬಂಧವನ್ನು ನೋಡಿದ ಮಾಲಿನ್ಯ ಇಲಾಖೆಯ ಕಾಗದ ಕೈಸೇರಿದಾಗ: 'ತಮ್ಮ ನಕ್ಷೆಯಿಂದ ಬಹಳ ಉಪಕಾರವಾಯಿತು. ತಪಾಸಣೆ ಇಂದೇ ಆರಂಭ.'

"ಓಹೋ, ಪ್ರಶ್ನೆ ಮೇಡಂ ಬಂದ್ರು!" ಇಸ್ತ್ರಿ ಅಕ್ಕ ಮೇಜಿನ ಹಿಂದಿನಿಂದಲೇ ಕೂಗಿದಳು. "ಇನ್ನೇನು ಕೇಳೋದು ಬಾಕಿ ಇದೆ? ಹಲ್ಲೆಷ್ಟು ಅನ್ನೋದೊಂದು ಬಿಟ್ಟು ಎಲ್ಲಾ ಬರ್ಕೊಂಡಿದ್ದೀಯಲ್ಲ!"

"ಅಕ್ಕಾ, ಮೊದಲು ಕೆಂಡ ಆರಿಸಿ."

"ತಲೆ ಕೆಟ್ಟಿದೆಯಾ? ಆಸ್ಪತ್ರೆಯವರ ಇಪ್ಪತ್ತು ಕೋಟು ಸಂಜೆಯೊಳಗೆ ಆಗ್ಬೇಕು."

ಅವಳು ಕೈಚೀಲದಿಂದ ನಕ್ಷೆಯನ್ನು ತೆಗೆದಳು.

"ಇದೇನೇ, ಹೀಗೆ ಮುದುರಿಸಿಟ್ಟಿದ್ದೀಯಾ, ಕೊಡಿಲ್ಲಿ." ಕೈಗೆ ಬಂದದ್ದನ್ನೆಲ್ಲ ನೀಟಾಗಿಸುವುದು ಅಕ್ಕನ ಚಾಳಿ. ನಕ್ಷೆಯನ್ನು ಹಾಸಿ, ಇದ್ದಿಲಿನ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲೆ ಮೆಲ್ಲಗೆ ಆಡಿಸಿದಳು. "ನಮ್ಮನೆ ಎಲ್ಲಿ? ಇದಾ? ಅಯ್ಯೋ ದೇವರೇ, ಸರಿಯಾಗಿ ಬಾಗಿಲಲ್ಲೇ ಇಟ್ಟಿದ್ದೀಯಲ್ಲ! ಪಕ್ಕದ ಟೈಲರ್‌ಗೆ ಚುಕ್ಕೆ ಇಲ್ವಾ?"

"ಅವರದು ಕರೆಂಟಿನ ಪೆಟ್ಟಿಗೆ."

"ಜಂಬ ಮಾಡ್ತಿದ್ದ. ಇದನ್ನ ತೋರಿಸ್ತೀನಿ ತಾಳು ಅವನಿಗೆ."

"ತೋರಿಸೋ ಹಾಗಿಲ್ಲ ಅಕ್ಕಾ." ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಹೇಳಿಬಿಟ್ಟಳು. "ಈ ಚುಕ್ಕೆ ಇಲ್ಲಿ ಇರಬಾರದಿತ್ತು. ಇಲಾಖೆಯವರ ಹತ್ರಾನೂ ಇದೇ ನಕ್ಷೆ ಇದೆ. ಇವತ್ತೇ ಬರ್ತಾರೆ, ಪೆಟ್ಟಿಗೆ ಎತ್ಕೊಂಡು ಹೋಗ್ತಾರೆ. ತಪ್ಪು ನನ್ನದು."

ಪೆಟ್ಟಿಗೆ ನಿಂತಿತು. ಅಕ್ಕ ಅದನ್ನು ಎತ್ತಿ ಕಬ್ಬಿಣದ ತಟ್ಟೆಯ ಮೇಲಿಟ್ಟಳು.

"ಯಾರಿಗೂ ತೋರ್ಸಲ್ಲ ಅಂದಿದ್ದೆ ನೀನು," ಎಂದಳು. ಬೈಗುಳವಾಗಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟರಲ್ಲಿ ಓಣಿಯೊಳಗೆ ಇಬ್ಬರು ಕಾಲಿಟ್ಟರು. ಒಬ್ಬನ ಕೈಯಲ್ಲಿ ಕಾಗದ, ಇನ್ನೊಬ್ಬನ ಕೈಯಲ್ಲಿ ಖಾಲಿ ಗೋಣಿ. ಯಾರನ್ನೂ ದಾರಿ ಕೇಳಲಿಲ್ಲ. ಮೊದಲೆರಡು ಬಾಗಿಲುಗಳನ್ನು ತಲೆ ಎತ್ತದೆ ದಾಟಿದರು. ಟೈಲರ್ ನಮಸ್ಕಾರ ಅಂದದ್ದೂ ಅವರಿಗೆ ಕೇಳಿಸಲಿಲ್ಲ. ನೇರ ಈ ಮೇಜಿನ ಮುಂದೆ ಬಂದು ನಿಂತರು.

ಅಕ್ಕ ನಕ್ಷೆಯನ್ನು ಅವಳತ್ತ ನೂಕಿ, "ಒಳಗಿಟ್ಕೋ," ಎಂದು ಪಿಸುಗುಟ್ಟಿ, ಪೆಟ್ಟಿಗೆಗೆ ಅಡ್ಡವಾಗಿ ನಿಂತಳು.

ಅವಳು ಅದನ್ನು ಮಡಚಲು ನೋಡಿದಳು. ಹಳೆಯ ಮಡಿಕೆಯ ಗೆರೆ ಒಂದೂ ಉಳಿದಿರಲಿಲ್ಲ. ಕಾಗದ ಇನ್ನೂ ಬೆಚ್ಚಗಿತ್ತು.