ಮುತ್ತಯ್ಯನ ಪದ

ನೊಣ ಕೂತಿತು, ಕಣ್ಣುಗುಡ್ಡೆಯ ಮೇಲೇ ಕೂತಿತು, ಎತ್ತು ರೆಪ್ಪೆ ಬಡಿಯಲಿಲ್ಲ — ಬಾಯಲ್ಲಿ ರಕ್ತದ ಉಪ್ಪು, ಅಣ್ಣ ಓಬಯ್ಯ ಒದ್ದು ಕೆಡವಿದ ಈ ಗುಂಡಿಯಲ್ಲಿ, ಸತ್ತ ದೇವರೆತ್ತು ಮುತ್ತಯ್ಯನ ಹೊಟ್ಟೆಗೆ ಒರಗಿ ಬಿದ್ದಿದ್ದಾನೆ ಓಬಳೇಶ್, ಚಳ್ಳಕೆರೆಯ ಆಟೋಗಳ ಬೆನ್ನಿಗೆ ಯಾರ ಮುಖ ಅಂಟಿಸಿದ್ದಾರೋ ಆ ಹಾಡುಗಾರ ಓಬಳೇಶ್, ಹಟ್ಟಿಯ ಜನ ಮೇಲೆ ಸುತ್ತ ನಿಂತಿದ್ದಾರೆ, ಯಾರೂ ಕೈ ಕೊಡುತ್ತಿಲ್ಲ. ಹಾಡಲೇ, ಅಣ್ಣ ಮೇಲಿಂದ ಕೂಗುತ್ತಾನೆ, ಅವ್ನು ಬದುಕಿದ್ದಾಗ ಹಾಡ್ದ್ಯಲ್ಲ, ಸತ್ತಾಗ್ಲೂ ಹಾಡು. ಅಪ್ಪ ಸಾಯುವ ಮುಂಚೆ ಹೇಳಿದ್ದ, ಈ ಸಾವಿನ ಪದ ನಿನಗೊಬ್ಬನಿಗೇ ಕೊಡ್ತೀನಿ ಮಗಾ, ದೇವರೆತ್ತು ಹೋದಾಗ ಮೊದಲ ಹಿಡಿ ಮಣ್ಣಿಗೆ ಮುಂಚೆ ಹಾಡ್ಬೇಕು, ಉಸಿರಾಡೋ ಎತ್ತಿನ ಹೆಸರು ಮಾತ್ರ ಅದ್ರಾಗೆ ಇಡಬ್ಯಾಡ — ಕಲಿಯುವಾಗ ಹೆಸರಿನ ಜಾಗದಲ್ಲಿ ಬರೀ ಗುನುಗು, ತಪ್ಪಿದರೆ ಬೆನ್ನಿಗೆ ಬಾರುಕೋಲು, ಆ ಏಟಿಗೆ ಕೂಗಿದ ದನಿಯನ್ನೇ ಓಬಳೇಶ್ ಆಮೇಲೆ ಮೊಳಕಾಲ್ಮುರಿನ ಆರ್ಕೆಸ್ಟ್ರಾದ ಮೈಕಿಗೆ ಕೊಟ್ಟ, ಹೆಂಗಸರು ಸೆರಗು ಕಚ್ಚಿ ಅತ್ತರು, ಗಂಡಸರು ಬಾಟಲಿ ಒಡೆದು ಬಡಿದಾಡಿದರು, ತಾನೇ ಕಟ್ಟಿದ ಪದ, ತಾನೇ ಹಾಕಿದ ರಾಗ, ಮೂರು ಕ್ಯಾಸೆಟ್ಟು ಓಡಿದವು, ನಾಲ್ಕನೆಯದಕ್ಕೆ ಏನೂ ಹುಟ್ಟಲಿಲ್ಲ. ಕ್ಯಾಸೆಟ್ ಅಂಗಡಿಯ ಸಂಗಮೇಶ್ ಎಲೆಯಡಿಕೆ ಜಗಿಯುತ್ತಾ, ನಿಮ್ಮಪ್ಪಂದು ಯಾವ್ದೋ ಎತ್ತಿನ ಪದ ಐತಂತಲ್ಲ, ಅದ್ನ ಹಾಕು, ಗುನುಗಿದ್ರೆ ಯಾರ್ ಅಳ್ತಾರಲೇ, ಒಂದ್ ಹೆಸರಿಡು ಅಂದ — ಬಾಯಿಗೆ ಬಂದದ್ದು ಮುತ್ತಯ್ಯ, ಇನ್ಯಾವ ಹೆಸರು ಬರಬೇಕಿತ್ತು, ಅವನ ಕೊರಳು ತಬ್ಬಿ ಮಲಗಿ ಬೆಳೆದವನಿಗೆ. ಬಿ.ಜಿ. ಕೆರೆಯ ಹೋಟೆಲಲ್ಲಿ, ಟೆಂಪೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ ಮುತ್ತಯ್ಯ ಸತ್ತ, ರಿದಂ ಪ್ಯಾಡಿನ ತಾಳಕ್ಕೆ ಸತ್ತ, ರಿವೈಂಡ್ ಮಾಡಿ ಮಾಡಿ ಸತ್ತ, ಇವತ್ತು ಬೆಳಗ್ಗೆ ದನದ ರೊಪ್ಪದಲ್ಲಿ ನಿಜಕ್ಕೂ ಸತ್ತು ಬಿದ್ದಿದ್ದ. ಹಾವು ಕಡಿದೈತಣ್ಣಾ, ಕಾಲು ನೋಡು ಬಾತೈತೆ. ಹಾವಲ್ಲಲೇ, ನಿನ್ ನಾಲಿಗೆ ಕಡಿದೈತೆ — ಅಣ್ಣನ ಮುಷ್ಟಿ, ಹಲ್ಲು, ಟೇಪ್‌ರೆಕಾರ್ಡರ್ ಬಂಡೆಗೆ ಅಪ್ಪಳಿಸಿದ ಸದ್ದು, ಕ್ಯಾಸೆಟ್ಟಿನ ಕರುಳು ಎಳೆದೆಳೆದು ಬಾಯಿಗೆ ತುರುಕಿ, ನುಂಗು, ನುಂಗಲೇ — ಅವ್ವ ಅಡ್ಡ ಬರಲಿಲ್ಲ, ಗಂಟ್ಲು ಮಾತ್ರ ಮುರೀಬ್ಯಾಡಪ್ಪಾ ಓಬಯ್ಯ, ಇವನು ಹಾಡ್ದೇ ಹೋದ್ರೆ ಮುತ್ತಯ್ಯ ಮಣ್ಣಾಗಲ್ಲ ಅಂದಳು, ಅಷ್ಟೇ. ಹಾಡುತ್ತಾನೆ, ಹಾಡಲೇಬೇಕು, ಟೇಪಿನ ಚೂರು ಉಗುಳಿ ಅಪ್ಪನ ದನಿಯನ್ನು ಹುಡುಕುತ್ತಾನೆ, ಬಾರುಕೋಲನ್ನೂ ನೆನೆಯುತ್ತಾನೆ, ಬರುವುದು ಪ್ಯಾಡಿನ ತಾಳ, ಸಂಗಮೇಶ್ ಸೇರಿಸಿದ ಕೊಳಲು, ಬರೀ ಕ್ಯಾಸೆಟ್ಟು, ಅಪ್ಪ ಎಲ್ಲೂ ಇಲ್ಲ — ಗುಂಡಿಯಂಚಿನಲ್ಲಿ, ಇವನ ಕಣ್ಣೆದುರಿಗೇ, ಅವ್ವನ ಹೆಬ್ಬೆರಳು ತನಗರಿವಿಲ್ಲದೆ ಆ ತಾಳ ಹಾಕುತ್ತಿದೆ, ಅಣ್ಣನೂ ಅದನ್ನು ನೋಡಿದ, ಬಗ್ಗಿ ಎರಡೂ ಕೈಯಲ್ಲಿ ಗುಂಡುಕಲ್ಲನ್ನು ಇವನ ತಲೆಯ ನೇರಕ್ಕೆ ಎತ್ತುತ್ತಿದ್ದಾನೆ, ಹೆಸರಿನ ಜಾಗ ಬರುತ್ತಿದೆ, ಬಂತು, ಮು — ನೊಣ, ಕಣ್ಣುಗುಡ್ಡೆಯ ಮೇಲೆ ನೊಣ, ರೆಪ್ಪೆ ಬಡಿಯದ ಕಣ್ಣು, ನೊಣ