ಗೀರು ಬೀಳದ ಗಾಡಿ

"ಹೋದ ವಾರವೂ ಬಂದಿದ್ದೆ ಮೇಡಂ, ಇದನ್ನೇ ಕೇಳ್ಕೊಂಡು. ಇಲ್ಲಿ ಕೂತಿದ್ದ ಯಜಮಾನ್ರು ತಗೋಬೇಡಿ ಅಂತ ಬುದ್ಧಿ ಹೇಳಿ ಕಳ್ಸಿದ್ರು," ಎಂದ ಗಿರಾಕಿ.

ಮಿಕ್ಸಿ ಜಾರಿನ ಮುಚ್ಚಳಕ್ಕೆ ರಬ್ಬರು ಕೂರಿಸುತ್ತಿದ್ದ ವಿನಯಾಳ ಕೈ ಹಾಗೇ ನಿಂತಿತು. ಅಂಗಡಿಯಲ್ಲಿ ಯಜಮಾನರು ಎಂದರೆ ಅವಳ ಅಪ್ಪ ಮಂಜುನಾಥಪ್ಪ. ಈಚೆಗೆ ಅಪ್ಪ ಕೂರುತ್ತಿದ್ದದ್ದು ಮಧ್ಯಾಹ್ನ ಮಾತ್ರ, ಅವಳು ಊಟಕ್ಕೆ ಮನೆಗೆ ಹೋದಾಗ. ಗಿರಾಕಿ ಕೇಳುತ್ತಿದ್ದದ್ದು ದೊಡ್ಡ ಟಿವಿಯ ಕೆಳಗೆ ಬೆಳ್ಳಗೆ ಕೂತಿದ್ದ ವಿಡಿಯೋ ಗೇಮ್ ಪೆಟ್ಟಿಗೆಯನ್ನು.

"ಎಂತ ಹೇಳಿದ್ರು?"

"ರೇಟು ಅರವತ್ತೆಂಟು ಸಾವಿರ ಅಂದ್ರು. ಕರೆಂಟು ಕುಡಿಯುತ್ತೆ, ಬಿಸಿಯಾಗುತ್ತೆ, ಬೆರಳಿನ ಗಂಟು ಹಿಡ್ಕೊಳ್ಳುತ್ತೆ, ಗಂಡ ಹೆಂಡ್ತಿಗೆ ಜಗಳ ಆಗುತ್ತೆ ಅಂದ್ರು. ಶಿವಮೊಗ್ಗದಲ್ಲಿ ವಿಚಾರಿಸಿದ್ರೆ ಐವತ್ತೈದು ಅಂತಾರೆ. ಯಾವುದು ಸರಿ ಅಂತ ಕೇಳಿ ಹೋಗೋಣ ಅಂತ ಬಂದೆ."

"ಜಗಳ ಈಗ್ಲೇ ಶುರುವಾಗಿದೆ. ಮೊದಲು ಯಾರು ಆಡೋದು ಅಂತ," ಎಂದು ಪಕ್ಕದಲ್ಲಿದ್ದ ಅವನ ಹೆಂಡತಿ ನಕ್ಕಳು. ಅವನ ಹೆಸರು ಸುಘೋಷ, ತೀರ್ಥಹಳ್ಳಿಯಲ್ಲಿ ಕಾಲೇಜು ಮೇಷ್ಟ್ರು. ಹೆಂಡತಿ ಧೃತಿಯ ಅಕ್ಕನ ಮನೆ ಇಲ್ಲೇ ರಿಪ್ಪನ್‌ಪೇಟೆಯಲ್ಲಿ.

"ಐವತ್ತೈದೇ ಸರಿ ಸಾರ್. ಅಕ್ಕನ ಮನೆ ಊಟ ಮುಗಿಸ್ಕೊಂಡು ಬನ್ನಿ. ಕೊಡೋದು ನನ್ನ ಜವಾಬ್ದಾರಿ," ಎಂದಳು ವಿನಯಾ.

ಅವರು ಮೆಟ್ಟಿಲಿಳಿದದ್ದೇ ಅವಳಿಗೆ ಮೈಯೆಲ್ಲ ಉರಿಯಿತು. ಆ ಪೆಟ್ಟಿಗೆಯ ಮೇಲೆ ಅಪ್ಪ ಮಗಳ ನಡುವೆ ಪಂದ್ಯವೇ ನಡೆದಿತ್ತು. ಅಪ್ಪನ ಎಡಮಂಡಿ ಸವೆದು, ಕ್ಲಚ್ ತುಳಿಯಲಾಗದೆ, ಸಾಮಾನು ತರುತ್ತಿದ್ದ ವ್ಯಾನನ್ನು ಮಾರಿದ ಮೇಲೆ ಅಂಗಡಿಗೆ ಏನು ತರಿಸಬೇಕೆನ್ನುವುದು ವಿನಯಾಳ ಪಾಲಿಗೆ ಬಂದಿತ್ತು. ಫ್ಯಾನು, ಗೀಸರು, ಗ್ರೈಂಡರು ತರಿಸುವ ತನಕ ಅಪ್ಪನದ್ದು ಚಕಾರವಿರಲಿಲ್ಲ. ಈ ಪೆಟ್ಟಿಗೆ ಬಂದ ದಿನ ಮಾತ್ರ ಅದರ ಸುತ್ತ ಎರಡು ಸಲ ತಿರುಗಿ, "ಬಟ್ಟೆ ಒಗೆಯಲ್ಲ, ಹಾಲು ಕಾಯ್ಸಲ್ಲ. ಈ ದುಡ್ಡಿಗೆ ಒಂದು ಫ್ರಿಜ್ಜು, ಒಂದು ವಾಷಿಂಗ್ ಮಷೀನು ಬರ್ತಿತ್ತು," ಎಂದಿದ್ದ.

ವಿನಯಾ ಸಮಾಧಾನದಿಂದಲೇ ಹೇಳಿ ನೋಡಿದಳು. ಚಿತ್ರ ಕಣ್ಣಿಗೆ ಕಟ್ಟಿದ ಹಾಗೆ ಬರುತ್ತದೆ ಎಂದಳು. ಡಿಸ್ಕ್ ಹಾಕುವ ಕಿಂಡಿ ಇಲ್ಲದ್ದು ಐದು ಸಾವಿರ ಅಗ್ಗಕ್ಕೆ ಸಿಗುತ್ತಿತ್ತು, ಆದರೆ ಅದಕ್ಕೆ ಆಟವನ್ನೆಲ್ಲ ನೆಟ್‌ನಿಂದ ಇಳಿಸಿಕೊಳ್ಳಬೇಕು, ನೆಟ್ ಸರಿಯಾಗಿ ಸಿಗದ ನಿಟ್ಟೂರಿನ ಕಡೆಯವರು ಅದನ್ನು ಒಯ್ದರೆ ಒಂದು ಆಟ ಇಳಿಯುವಷ್ಟರಲ್ಲಿ ವರ್ಷದ ಹಬ್ಬಗಳೆಲ್ಲ ಮುಗಿದಿರುತ್ತವೆ, ಅದಕ್ಕೇ ಯೋಚಿಸಿ ಕಿಂಡಿ ಇರುವುದನ್ನೇ ತರಿಸಿದ್ದೇನೆ ಎಂದಳು. ಅಪ್ಪ ಜಗ್ಗಲಿಲ್ಲ. "ದೀಪಾವಳಿ ಒಳಗೆ ಇದು ಹೋಗ್ಲಿಲ್ಲ ಅಂದ್ರೆ ಇನ್ಮೇಲೆ ಎಂತ ತರ್ಸೋದು ಅಂತ ನಾನೇ ಹೇಳ್ತೀನಿ," ಎಂದ. ಅವಳೂ ಬಿರುಸಿನಲ್ಲಿ ಒಪ್ಪಿಬಿಟ್ಟಿದ್ದಳು.

ಈಗ ಹಬ್ಬಕ್ಕೆ ಉಳಿದದ್ದು ಒಂದು ವಾರ. ಬೆಳಿಗ್ಗೆ ಬಂದು ಆಸೆಯಿಂದ ನೋಡಿ, ಮಧ್ಯಾಹ್ನ ಮನೆಯವರನ್ನು ಕರೆತರುತ್ತೇವೆ ಎಂದು ಹೋದವರೆಲ್ಲ ಯಾಕೆ ಮತ್ತೆ ಇತ್ತ ತಲೆಹಾಕಲಿಲ್ಲ ಎನ್ನುವುದು ಇಂದು ತಿಳಿಯಿತು. ಪಂದ್ಯ ಗೆಲ್ಲಲು ಅಪ್ಪ ಇಷ್ಟಕ್ಕೆ ಇಳಿದನೇ? ಇಷ್ಟು ವರ್ಷ ವ್ಯಾಪಾರ ಮಾಡಿ ಒಂದು ರೂಪಾಯಿಯ ಸುಳ್ಳು ರೇಟು ಹೇಳದ ಮನುಷ್ಯ. ಅವಳಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚಾಯಿತು.

ಅಪ್ಪ ಬಂದ ಕೂಡಲೇ ಏನನ್ನೂ ತೋರಿಸಿಕೊಳ್ಳದೆ ಕೊಡೆ ಹಿಡಿದು ಊಟಕ್ಕೆಂದು ಹೊರಟಳು. ಬಸ್ ಸ್ಟ್ಯಾಂಡಿನ ತನಕ ಹೋಗಿ, ಅಲ್ಲಿಂದ ತಿರುಗಿ ಬಂದಳು. ಅಂಗಡಿಯ ಷಟರು ಅರ್ಧಕ್ಕೆ ಇಳಿದಿತ್ತು. ಬಗ್ಗಿ ನೋಡಿದಳು.

ಅಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪಂಚೆ ಮೇಲಕ್ಕೆ ಕಟ್ಟಿ, ಎಡಗಾಲನ್ನು ಗೀಸರಿನ ಡಬ್ಬದ ಮೇಲೆ ಚಾಚಿ ಕೂತಿದ್ದ. ಎರಡೂ ಕೈಯಲ್ಲಿ ಆಟದ ರಿಮೋಟು. ಟಿವಿಯ ತುಂಬ ಹಸಿರು ಬೆಟ್ಟ, ಅದರ ನಡುವೆ ಸುತ್ತಿ ಸುತ್ತಿ ಇಳಿಯುವ ರಸ್ತೆ, ರಸ್ತೆಯ ಎಡಬದಿಗೆ ಅಂಟಿಕೊಂಡಂತೆ ಹೋಗುತ್ತಿದ್ದ ಒಂದು ಕೆಂಪು ಕಾರು. ರೇಸಿನ ಆಟ ಅದು. ಉಳಿದ ಕಾರುಗಳೆಲ್ಲ ಬಾಣದ ಹಾಗೆ ನುಗ್ಗುತ್ತಿದ್ದವು. ಅಪ್ಪ ಒಂದೊಂದಕ್ಕೂ ಸೈಡು ಕೊಡುತ್ತಿದ್ದ.

"ಹೋಗು ಮಾರಾಯ, ಹೋಗು. ನಿಂಗೆ ಅರ್ಜೆಂಟು," ಎಂದು ಒಂದು ಹಳದಿ ಕಾರಿಗೆ ಹೇಳಿದ. ತಿರುವು ಬಂದಾಗ ವೇಗ ತಗ್ಗಿಸಿ, ಇಡೀ ಮೈಯನ್ನು ಬಲಕ್ಕೆ ವಾಲಿಸಿದ. ಆ ಆಟದಲ್ಲಿ ಹಾರನ್ ಇರಲಿಲ್ಲ. ಎದುರಿಗೆ ಯಾರಾದರೂ ಬಂದಾರೆಂದು ಅಪ್ಪ ಬಾಯಲ್ಲೇ "ಪೋಂ, ಪೋಂ" ಎಂದ. ರೇಸು ಮುಗಿಯಿತು. ಕಟ್ಟಕಡೆಗೆ ಬಂದವನು ಅಪ್ಪನೇ. ಆ ಕಾರನ್ನು ಹಿಂದಿನಿಂದ ಮುಂದಿನಿಂದ ತಿರುಗಿಸಿ ತೋರಿಸುತ್ತಿದ್ದ ಟಿವಿಯನ್ನು ಹತ್ತಿರದಿಂದ ನೋಡಿ, "ಒಂದು ಗೀರೂ ಬಿದ್ದಿಲ್ಲ," ಎಂದು ತನಗೆ ತಾನೇ ಹೇಳಿಕೊಂಡು, ಮತ್ತೆ ಮೊದಲಿನಿಂದ ಹೊರಟ.

ಜಗಳಕ್ಕೆಂದು ಬಂದಿದ್ದ ವಿನಯಾಳಿಗೆ ನಗು ತಡೆಯಲಾಗಲಿಲ್ಲ. ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗಿ ಸಾಮಾನು ತರುವುದೆಂದರೆ ಅಪ್ಪನಿಗೆ ಎಷ್ಟು ಖುಷಿಯಿತ್ತೆಂದು ಅವಳಿಗೆ ಗೊತ್ತಿತ್ತು. ವ್ಯಾನು ಮಾರಿದ ಮೇಲೆ ಅದರ ಸುದ್ದಿಯನ್ನೇ ಎತ್ತಿರಲಿಲ್ಲ, ಮರೆತಿರಬೇಕು ಎಂದುಕೊಂಡಿದ್ದಳು. ಅಪ್ಪನ ಮುಖ ಇಷ್ಟು ಅರಳಿದ್ದನ್ನು ಅವಳು ನೋಡದೆ ಬಹಳ ದಿನವಾಗಿತ್ತು. ನೋಡುತ್ತ ಅವಳಿಗೂ ಹಿಗ್ಗಾಯಿತು.

ಷಟರು ಎತ್ತಿ ಒಳಗೆ ಬಂದಳು. "ಅರವತ್ತೆಂಟಾ ಅಪ್ಪಯ್ಯ?"

"ತಡಿ, ತಿರುವು ಬಂತು," ಎಂದ ಅಪ್ಪ. ತಿರುವು ದಾಟಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ, ತಿರುಗಿ ನೋಡದೆಯೇ ಹೇಳಿದ. "ಜೋಗದ ಪವರ್ ಹೌಸಿನೋರು ಒಬ್ರು ಅರವತ್ತೆಂಟಕ್ಕೂ ಸೈ ಅಂದ್ಬಿಟ್ರು ಮಾರಾಯ್ತಿ. ಅವ್ರಿಗೆ ಎಪ್ಪತ್ತೆರಡು ಅಂದೆ."

"ಪಂದ್ಯ ಗೆಲ್ಲಕ್ಕೆ ಇಷ್ಟೆಲ್ಲ ಮಾಡೋದಾ?"

"ಯಾವ ಪಂದ್ಯ?"

ಅಪ್ಪ ನಿಜಕ್ಕೂ ಮರೆತಿದ್ದ. ವಿನಯಾ ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಸುಘೋಷ, ಧೃತಿ ಊಟ ಮುಗಿಸಿ ಬಂದಿದ್ದರು. ಕೊಟ್ಟರೆ ಪಂದ್ಯ ಅವಳದ್ದು, ಅಂಗಡಿಯೂ ಅವಳದ್ದು. ಆದರೂ ಆ ಗಳಿಗೆಯಲ್ಲಿ, ಪೆಟ್ಟಿಗೆ ಬೇರೆಯವರಿಗೆ ಹೋಯಿತು ಎಂದು ಸುಳ್ಳು ಹೇಳಿ ಅವರನ್ನು ಸಾಗಹಾಕಲೇ ಎಂದು ಅವಳಿಗೇ ಅನ್ನಿಸಿತು. ಅಪ್ಪನ ಮುಖ ನೋಡಿದಳು.

ಅಪ್ಪ ಪೆಟ್ಟಿಗೆಯನ್ನು ನೋಡಿದ, ಅವಳನ್ನು ನೋಡಿದ. ಮಂಡಿ ಹಿಡಿದುಕೊಂಡು ಎದ್ದ.

"ಐವತ್ತೈದು," ಎಂದ ಸುಘೋಷನಿಗೆ. "ಹೋದ ವಾರ ನಾನು ಹೇಳಿದ್ದೆಲ್ಲ ಸುಳ್ಳು ಮೇಷ್ಟ್ರೇ. ಜಗಳ ಆಗುತ್ತೆ ಅಂದಿದ್ದೊಂದು ಬಿಟ್ಟು."

ರಿಮೋಟನ್ನು ಧೃತಿಯ ಕೈಗಿತ್ತ. "ಈ ಗುಂಡಿ ಬ್ರೇಕು. ಒತ್ತಿ ನೋಡಮ್ಮ. ಬೆರಳಿಗೆ ಎದುರು ಕೊಡ್ತಲ್ಲ? ಇಳಿಜಾರಲ್ಲಿ ಪೆಡಲ್ಲು ಹಿಂಗೇ ಇರೋದು. ಈಗ ಮಣ್ಣಿಗೆ ಇಳ್ಸು. ಕೈ ನಡುಗ್ತಾ? ಟಾರಿಗೆ ಹತ್ಸು, ನಿಂತೋಗುತ್ತೆ. ಮಳೆ ಬಂದ್ರೆ ಟಯರು ಜಾರೋದು ಸಮೇತ ಕೈಗೆ ಗೊತ್ತಾಗುತ್ತೆ. ಇಷ್ಟು ಮಾಡಿಟ್ಟೋರು ಒಂದು ಹಾರನ್ ಇಡಕ್ಕೆ ಮರೆತಿದಾರೆ."

ವಿನಯಾ ಬೆರಗಾಗಿ ನಿಂತಳು. ಇಷ್ಟು ದಿನ ತಾನು ಕಂಪನಿಯ ಕಾಗದ ಓದಿ ಹೇಳುತ್ತಿದ್ದದ್ದು ಎಷ್ಟು ಸಪ್ಪೆಯಾಗಿತ್ತು. ಧೃತಿ ಆಗಲೇ ಎರಡನೇ ತಿರುವಿನಲ್ಲಿದ್ದಳು. ಸುಘೋಷ ಕೈ ಚಾಚಿದರೆ ರಿಮೋಟು ಬಿಡಲೊಲ್ಲಳು.

"ಡೆಮೋ ಪೀಸು ಸಾರ್, ಎರಡು ಸಾವಿರ ಬಿಡ್ತೀನಿ," ಎಂದಳು ವಿನಯಾ.

"ಮೂರು ತಿಂಗ್ಳು ಓಡಿರೋ ಗಾಡಿ. ಒಬ್ಬನೇ ಡ್ರೈವರು," ಎಂದ ಅಪ್ಪ.

ವೈರುಗಳನ್ನು ಸುತ್ತಿ ಪೆಟ್ಟಿಗೆಗೆ ತುಂಬಿದ್ದು ಅಪ್ಪನೇ. ಕುಂಟುತ್ತ ಅವರ ಕಾರಿನ ತನಕ ಹೊತ್ತುಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಇಟ್ಟು, ಕಾರು ರಿವರ್ಸ್ ತೆಗೆಯುವಾಗ ರಸ್ತೆಯ ನಡುವೆ ನಿಂತು ಬಸ್ಸೊಂದನ್ನು ತಡೆದು ದಾರಿ ಮಾಡಿಕೊಟ್ಟ. ವಿನಯಾ ದುಡ್ಡನ್ನು ಗಲ್ಲಾಪೆಟ್ಟಿಗೆಗೆ ಹಾಕಿದಳು. ಗೆದ್ದಿದ್ದಳು. ಆದರೆ ಖಾಲಿ ಟಿವಿಯ ಕಡೆ ನೋಡಲು ಮನಸ್ಸಾಗಲಿಲ್ಲ.

ಅಪ್ಪ ಒಳಗೆ ಬಂದ. ಎಂದಿನಂತೆ ಗಲ್ಲಾದ ಈಚೆಗೆ ಬರದೆ, ಗಿರಾಕಿಗಳ ಸ್ಟೂಲನ್ನು ಎಳೆದುಕೊಂಡು ಅವಳೆದುರು ಕೂತ. ಅಂಗಡಿ ತೆರೆದಂದಿನಿಂದ ಅಪ್ಪ ಆ ಸ್ಟೂಲಿನ ಮೇಲೆ ಕೂತದ್ದನ್ನು ಅವಳು ಕಂಡಿರಲಿಲ್ಲ.

"ಮೇಡಂ," ಎಂದ. "ಆ ಗೇಮಿನ ಪೆಟ್ಟಿಗೆ ಇನ್ನೊಂದು ತರ್ಸಿ ಕೊಡ್ತೀರಾ? ಕಿಂಡಿ ಇರೋದು."

ನಗಲು ಹೋದವಳು ಅಪ್ಪನ ಮುಖ ಕಂಡು ನಗು ತಡೆದುಕೊಂಡಳು. ಪುಕ್ಕಟೆ ತಗೋ ಎನ್ನುವುದು ತುದಿ ನಾಲಗೆಗೆ ಬಂದಿತ್ತು. ನುಂಗಿಕೊಂಡಳು.

"ತರಿಸ್ತೀನಿ. ಐವತ್ತೈದು ಸಾವಿರ."

"ಸ್ವಲ್ಪ ನೋಡಿ ಹೇಳಿ. ಊರೋರು ನಾವು."

"ರೇಟು ಒಂದೇ. ನಮ್ಮಲ್ಲಿ ಚೌಕಾಸಿ ಇಲ್ಲ," ಎಂದಳು ವಿನಯಾ, ಬಿಲ್ಲಿನ ಪುಸ್ತಕ ಎಳೆದುಕೊಳ್ಳುತ್ತ. "ಕೂತಿರಿ, ಕಾಫಿ ತರಿಸ್ತೀನಿ."

ಅಪ್ಪ ಕಾಲು ಚಾಚಿ ಆರಾಮಾಗಿ ಕೂತ. ಮೊದಲ ಸಲ ಬಂದ ಗಿರಾಕಿಯ ಹಾಗೆ ಕತ್ತೆತ್ತಿ, ಮೇಲೆ ಸಾಲಾಗಿ ತೂಗುಹಾಕಿದ್ದ ಫ್ಯಾನುಗಳನ್ನು ಒಂದೊಂದಾಗಿ ನೋಡತೊಡಗಿದ.