ಹಿಂದಿನ ಗೇಟು

ಅಣ್ಣನ ದೇಹ ಮಹಡಿಯ ಮೇಲೆ ಮಲಗಿತ್ತು. ತಮ್ಮ ಕೆಳಗೆ ಅಂಗಡಿಯಲ್ಲಿ ಮಂಡಿಯೂರಿ ಗಾಡಿಗಳ ಮೀಟರು ನೋಡುತ್ತಿದ್ದ.

ಗುಡ್ಡ ಹತ್ತುವ ನಾಲ್ಕು ಚಕ್ರದ ಗಾಡಿಗಳು, ಕೆಸರಿನಲ್ಲಿ ಹಾರಿಸುವ ಬೈಕುಗಳು, ನೀರಿನ ಮೇಲೆ ಓಡುವ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಮೋಜಿಗಾಗಿ ಕೊಳ್ಳುವಂಥವು. ಎರಡು ವರ್ಷದಿಂದ ಕೊಳ್ಳುವವರೇ ಇರಲಿಲ್ಲ. ಗುಡ್ಡದ ದಾರಿಗೆ ಬೇಲಿ ಬಿದ್ದಿತ್ತು. ಹೊಸ ಹುಡುಗರು ಸದ್ದಿಲ್ಲದ ಬ್ಯಾಟರಿ ಗಾಡಿ ಕೇಳುತ್ತಿದ್ದರು. ಉಳಿದವರು ಯಾರೋ ಓಡಿಸಿ ಬಿಟ್ಟ ಹಳೆ ಗಾಡಿಯನ್ನು ಫೋನಿನಲ್ಲೇ ನೋಡಿ ತರಿಸಿಕೊಳ್ಳುತ್ತಿದ್ದರು.

ಎಲ್ಲ ಮೀಟರಿನಲ್ಲೂ ಸೊನ್ನೆ. ಮೂಲೆಯ ಕೆಂಪು ಗಾಡಿಯಲ್ಲಿ ಮಾತ್ರ ಮೂವತ್ತೆಂಟು ಕಿಲೋಮೀಟರು. ಅದರ ಸೀಟಿನ ಪ್ಲಾಸ್ಟಿಕ್ ಕೂಡ ಇನ್ನೂ ಬಿಚ್ಚಿರಲಿಲ್ಲ.

"ಇದೇನಯ್ಯಾ? ಮಾರದ ಗಾಡಿ ತಾನಾಗೇ ವಾಕಿಂಗ್ ಹೋಗಿ ಬಂತಾ?"

ತಮ್ಮ ಕೇಳಿದ್ದು ಅಂಗಡಿಯ ಮೆಕ್ಯಾನಿಕ್‌ನನ್ನು. ಬೆಳಿಗ್ಗೆ ಷಟರ್ ಎತ್ತಿದಾಗ, ಕುರ್ಚಿಯಲ್ಲಿ ತಲೆ ವಾಲಿಸಿ ಕೂತಿದ್ದ ಯಜಮಾನರನ್ನು ಮೊದಲು ಕಂಡವನು ಅವನೇ. ಹೊತ್ತು ಮಹಡಿಗೆ ತಂದವನೂ ಅವನೇ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿ ಹೋದರು. ಆಗಿನಿಂದ ಅವನು ಗೋಡೆಗೊರಗಿ ನಿಂತೇ ಇದ್ದ.

"ನನ್ನ ಕೇಳಿ, ಹೇಳ್ತೀನಿ," ಎಂದ ಸಾವಿನ ಸುದ್ದಿ ಕೇಳಿ ಬಂದಿದ್ದ ಹಿಂದಿನ ಬೀದಿಯ ಟೈರು ಅಂಗಡಿಯವನು. "ಇವನು ಮುಂದಿನ ಗೇಟಿಂದ ಜೋರಾಗಿ ಹೊರಡ್ತಾನೆ. ಐದೇ ನಿಮಿಷ, ನನ್ನ ಅಂಗಡಿ ಮುಂದೆ ಇಂಜಿನ್ ಆರಿಸಿ ತಳ್ಕೊಂಡು ಬರ್ತಾನೆ, ಕಳ್ಳ ಬೆಕ್ಕಿನ ಹಾಗೆ. ಹಿಂದಿನ ಗೇಟಿಂದ ಒಳಗೆ. ಒಂದ್ಸಲ ಅಲ್ಲ, ಎಷ್ಟೋ ಸಲ."

"ಬಾಡಿಗೆಗೆ ಬಿಡ್ತಿದ್ದೆ, ಅಲ್ವಾ? ಮುಳುಗೋ ಅಂಗಡೀಲೂ ಮೇಯೋಕೆ ಮನಸ್ಸು ಬಂತಲ್ಲ ನಿನಗೆ!" ಎಂದು ತಮ್ಮ ಮೆಕ್ಯಾನಿಕ್ ಮೇಲೆ ಹಾಯ್ದ.

"ಇಲ್ಲ ಸಾರ್."

"ಮತ್ತೇನು? ಬಾಯಿ ಬಿಡು."

"ಹೇಳೋ ಹಾಗಿಲ್ಲ. ಯಜಮಾನರಿಗೆ ಮಾತು ಕೊಟ್ಟಿದೀನಿ."

"ಒಳ್ಳೆ ಅನುಕೂಲ! ಅಣ್ಣ ಎದ್ದು ಬಂದು ಸಾಕ್ಷಿ ಹೇಳ್ತಾನಾ? ನೋಡು, ಹೆಗಲು ಕೊಡೋಕೆ ನೀನು ಬರಕೂಡದು. ಆ ದೇಹ ಮುಟ್ಟಕೂಡದು. ತಿಳೀತಾ?"

ಮೆಕ್ಯಾನಿಕ್ ತಲೆಯೆತ್ತಿದ. ಕಳ್ಳ ಎಂದದ್ದಕ್ಕಿಂತ ಈ ಮಾತು ಅವನಿಗೆ ಹೆಚ್ಚು ನಾಟಿತು.

* * *

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಗಾಡಿ ಮಾರಾಟವಾದರೆ ಯಜಮಾನರು ಬಾಗಿಲ ಬಳಿಯ ಹಿತ್ತಾಳೆ ಗಂಟೆಯನ್ನು ಒಮ್ಮೆ ಬಾರಿಸುವರು. ಕೊಂಡವನು ಅಲ್ಲೇ ಇಂಜಿನ್ ಶುರು ಮಾಡಿ ಮುಂದಿನ ಗೇಟಿನಿಂದ ಹೊರಡಬೇಕು. ಮಹಡಿಯ ಮೇಲೆ ಅವರ ಹೆಂಡತಿ ಆ ಸದ್ದು ಕೇಳಿ ದೇವರನ್ನು ನೆನೆಯುವರು. ಮಂಡಿ ಸೋತು ಮೆಟ್ಟಿಲಿಳಿಯುವುದು ನಿಂತ ಮೇಲೆ ಅವರಿಗೆ ಅಂಗಡಿಯ ಸುದ್ದಿಯೆಂದರೆ ಆ ಗಂಟೆಯೇ.

ಒಮ್ಮೆ ಮೂರು ತಿಂಗಳು ಗಂಟೆ ಬಾರಿಸಲಿಲ್ಲ. ಹೆಂಡತಿಗೆ ಎದೆನೋವು ಬಂತು. ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದರು ಡಾಕ್ಟರು. ಮರುದಿನ ಯಜಮಾನರು ಖಾಲಿ ಅಂಗಡಿಯಲ್ಲಿ ನಿಂತು ಗಂಟೆ ಹೊಡೆದರು.

"ಯಾರು ತಗೊಂಡ್ರು ಯಜಮಾನ್ರೇ?" ಮೆಕ್ಯಾನಿಕ್ ಓಡಿ ಬಂದ.

"ನೀನೇ. ಹತ್ತು."

"ಹಾಂ?"

"ಒಂದು ಸುತ್ತು ಹಾಕಿ, ಹಿಂದಿನ ಬೀದೀಲಿ ಇಂಜಿನ್ ಆರಿಸಿ ತಳ್ಕೊಂಡು ಬಾ. ಗೇಟಿನ ಕೀಲಿಗೆ ಎಣ್ಣೆ ಬಿಟ್ಟಿದೀನಿ. ಮೇಲಿರೋಳಿಗೆ ಗೊತ್ತಾಗಬಾರದು. ನಾನು ಸತ್ರೂ ಹೇಳಬಾರದು."

"ಸುಳ್ಳಾಗಲ್ವಾ ಇದು?"

"ಸುಳ್ಳೇ ಕಣೋ. ದೇವರ ಹತ್ರ ನಾನು ಮಾತಾಡ್ಕೋತೀನಿ. ನೀನು ಗೇರು ಹಾಕು."

* * *

ಮಧ್ಯಾಹ್ನ ಶವದ ವ್ಯಾನು ಬಂದು ನಿಂತಿತು. ತಮ್ಮ ಮೆಕ್ಯಾನಿಕ್‌ನ ತೋಳು ಹಿಡಿದು ಮಹಡಿಗೆ ಕರೆತಂದ. ಟೈರು ಅಂಗಡಿಯವನೂ ಹಿಂದೆಯೇ ಬಂದ.

"ಅತ್ತಿಗೆ, ಈ ಹೊತ್ತಿನಲ್ಲಿ ಹೇಳಬಾರದು. ಆದರೂ ಇವನು ಹೆಗಲು ಕೊಡೋದು ನನಗೆ ಒಪ್ಪಿಗೆಯಿಲ್ಲ. ಅಣ್ಣನ ಕಣ್ಣಿಗೆ ಮಣ್ಣೆರಚಿ ಗಾಡಿ ಬಾಡಿಗೆಗೆ ಬಿಟ್ಟಿದಾನೆ. ಕೇಳಿ ಬೇಕಾದ್ರೆ."

ಆಕೆ ಗಂಡನ ಪಾದದ ಬಳಿ ಕುಳಿತಿದ್ದರು. ಕಣ್ಣೆತ್ತಿ ಮೆಕ್ಯಾನಿಕ್‌ನನ್ನು ನೋಡಿದರು.

"ಹೌದೇನೋ?"

ಅವನು ಹಾಸಿಗೆಯ ಕಡೆ ನೋಡಿದ. ಯಜಮಾನರ ತುಟಿ ಬಿಗಿದಿತ್ತು.

"ಹೌದಮ್ಮಾ," ಎಂದ. "ನಾನೇ ಬಾಡಿಗೆಗೆ ಬಿಟ್ಟೆ."

"ಕೇಳಿದ್ರಾ!" ಎಂದ ತಮ್ಮ.

"ಎರಡು ವರ್ಷದಿಂದ ಹೇಳಿದ ಸುಳ್ಳು ಸಾಲಲಿಲ್ಲವೇನೋ ನಿನಗೆ? ಇವರ ಮುಂದೆ ಇನ್ನೊಂದು ಬೇರೆ." ಆಕೆಯ ದನಿ ಏರಲಿಲ್ಲ. "ಪ್ರತಿ ಸಲ ಅದೇ ಗಾಡಿ. ಹೊರಡೋ ಮುಂಚೆ ಎರಡು ಸಲ ಕೆಮ್ಮುತ್ತೆ. ಮೂವತ್ತು ವರ್ಷ ಈ ಕೋಣೇಲಿ ಇಂಜಿನ್ ಸದ್ದು ಕೇಳ್ಕೊಂಡು ಕೂತೋಳು ನಾನು. ಬೇರೆ ಗಾಡಿ ಹತ್ತೋಕೆ ಏನಾಗಿತ್ತು?"

"ಉಳಿದವುಗಳ ಬ್ಯಾಟರಿ ನಿಂತಲ್ಲೇ ಸತ್ತು ಹೋಗಿತ್ತಮ್ಮಾ. ಅದೊಂದನ್ನೇ ಚಾರ್ಜ್ ಮಾಡಿ ಇಟ್ಟಿದ್ವಿ."

"ಆ ಸದ್ದಿಲ್ಲದ ಗಾಡಿ ತರಿಸಿದ್ರೆ ನಾನೂ ನಂಬ್ತಿದ್ನೋ ಏನೋ."

ಟೈರು ಅಂಗಡಿಯವನು ತನ್ನ ಚಪ್ಪಲಿ ಎಲ್ಲಿದೆ ಎಂದು ಹುಡುಕತೊಡಗಿದ.

ತಮ್ಮನಿಗೆ ನಿಧಾನವಾಗಿ ಅರ್ಥವಾಯಿತು. "ಅಂದ್ರೆ... ಅಣ್ಣನೇ? ಗೊತ್ತಿದ್ದೂ ಸುಮ್ಮನಿದ್ರಾ ಅತ್ತಿಗೆ?"

"ಗಂಟೆ ಬಾರಿಸಿದ ದಿನ ನಿಮ್ಮಣ್ಣ ತಟ್ಟೆ ಖಾಲಿ ಮಾಡ್ತಿದ್ರು. ಉಳಿದ ದಿನ ಎರಡು ತುತ್ತಿಗೇ ಕೈ ತೊಳೀತಿದ್ರು. ನಾನ್ಯಾಕೆ ಬಾಯಿ ಬಿಡ್ಲಿ?"

ಹೊರಗೆ ವ್ಯಾನಿನ ಚಾಲಕ ಹಾರನ್ ಒತ್ತಿ, ತಪ್ಪಾಯಿತೇನೋ ಎಂಬಂತೆ ತಟ್ಟನೆ ಬಿಟ್ಟ.

"ಹೆಗಲು ಕೊಡಪ್ಪ," ಎಂದರು ಆಕೆ ಮೆಕ್ಯಾನಿಕ್‌ಗೆ. "ಮೊದಲನೇ ಹೆಗಲು ನಿಂದು. ವ್ಯಾನಿಗೆ ಏರಿಸಿದ ಮೇಲೆ ಕೆಂಪು ಗಾಡಿ ಹತ್ತಿ ಮುಂದೆ ನಡಿ. ದಾರಿ ತೋರಿಸು." ಆಮೇಲೆ ಮೈದುನನ ಕಡೆ ತಿರುಗಿದರು. "ಗಂಟೆ ನೀನು ಹೊಡಿ."

ನಾಲ್ವರು ದೇಹವನ್ನು ಇಳಿಸಿಕೊಂಡು ಹೋದರು. ಮೆಟ್ಟಿಲ ತಿರುವಿನಲ್ಲಿ ತಮ್ಮ ತಾನಾಗಿಯೇ ಹಿಂದೆ ಸರಿದು ಮೆಕ್ಯಾನಿಕ್‌ಗೆ ಜಾಗ ಬಿಟ್ಟ.

ಕೋಣೆಯಲ್ಲಿ ಆಕೆಯೊಬ್ಬರೇ ಉಳಿದರು. ಕೆಳಗೆ ಗಂಟೆ ಒಮ್ಮೆ ಮೊಳಗಿತು. ಕೆಂಪು ಗಾಡಿ ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಮುಂದಿನ ಗೇಟು ದಾಟಿತು; ವ್ಯಾನು ಅದರ ಹಿಂದೆ ಹೋಯಿತು. ಸದ್ದು ಬೀದಿಯ ಕೊನೆಗೆ ಸಣ್ಣದಾಯಿತು.

ಅಭ್ಯಾಸಬಲದಿಂದ ಆಕೆ ಹಿಂದಿನ ಗೇಟಿನ ಕಡೆ ಕಿವಿಗೊಟ್ಟರು. ಐದು ನಿಮಿಷವಾಯಿತು. ಹತ್ತಾಯಿತು. ಯಾರೂ ತಳ್ಳಿಕೊಂಡು ಬರಲಿಲ್ಲ.

ಆಗ ಆಕೆ ಎರಡೂ ಕೈ ಜೋಡಿಸಿದರು.

"ದೇವರೇ, ಇವರು ಏನೋ ಮಾತಾಡಬೇಕು ಅಂತ ನಿನ್ನ ಹತ್ತಿರ ಬರ್ತಿದಾರೆ. ತಾಳ್ಮೆಯಿಂದ ಕೇಳು. ಮುಂದಿನ ಬಾಗಿಲಿನಿಂದಲೇ ಒಳಗೆ ಕರೆದುಕೋ. ಹೊಟ್ಟೆ ತುಂಬ ಬಡಿಸು. ಶಾಂತಿಯಾಗಿ ಮಲಗಲಿ."